ಊದಿ ನೋಡಿದರೆ ತಿಳಿಯುವ ಉಬ್ಬಸ

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆ ಹಿಡಿಯಿತೆಂದರೆ ಗೋಡೆಗೆ ಬೂಷ್ಟು, ಬಚ್ಚಲೊಲೆಗೆ ಹಸಿ ಸೌದೆ. ಮಳೆ ಬಿಟ್ಟ ಮೇಲೆ ಅಡಿಕೆ ಸುಲಿಯುವ ಧೂಳು. ರಬ್ಬರ್ ಶೀಟಿಗೆ ಹಾಕುವ ಹೊಗೆ ಬೇರೆ. ದೊಡ್ಡವರಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಶುರುವಾದರೆ ಥಂಡಿಯೆಂದು ಕಷಾಯ ಕುಡಿದು ತಿಂಗಳು ದೂಡುವುದುಂಟು.

ಕಷಾಯ ಕುಡಿಯಲಿ, ಅಡ್ಡಿಯಿಲ್ಲ. ಸ್ಪೈರೋಮೆಟ್ರಿಯನ್ನೂ ಮಾಡಿಸಲಿ. ಕೊಳವೆಗೆ ಜೋರಾಗಿ ಊದುವುದು, ಶ್ವಾಸನಾಳ ಹಿಗ್ಗಿಸುವ ಔಷಧ ಎಳೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದುವುದು, ಅಷ್ಟೇ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ರಷ್ಟು, ಜೊತೆಗೆ 200 ಮಿ.ಲೀ.ನಷ್ಟು ಹೆಚ್ಚಿದರೆ ಅಸ್ತಮಾದ ಗುಮಾನಿ ಗಟ್ಟಿಯಾಗುತ್ತದೆ. ಆರಾಮವಿದ್ದ ದಿನ ಊದಿದರೆ ಏನೂ ಕಾಣದಿರಲೂಬಹುದು. ಅಷ್ಟಕ್ಕೇ ರೋಗವಿಲ್ಲ ಎನ್ನುವಂತಿಲ್ಲ. ಅಡಿಕೆ ಸುಲಿಯದ ವಾರ ಉಸಿರು ಸಲೀಸಾಗುತ್ತದೆಯೇ? ಅದನ್ನೂ ವೈದ್ಯರಿಗೆ ಹೇಳಬೇಕು.

ಅಸ್ತಮಾ ಎಂದು ಗೊತ್ತಾದರೆ ವೈದ್ಯರು ಕೊಡುವ ಇನ್‌ಹೇಲರ್ ಚಟವಾಗುತ್ತದೆಂಬ ಮಾತಿಗೆ ಬುಡವಿಲ್ಲ.

ತಕ್ಷಣ ಆರಾಮ ಕೊಡುವ ಸಾಲ್‌ಬ್ಯುಟಮಾಲ್ ಒಂದನ್ನೇ ನೆಚ್ಚಬಾರದೆಂದು ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ. ನಾಳದ ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಬೇಕು. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ಪುತ್ತೂರಿನ ಸರ್ಕಾರಿ ಆಸ್ಪತ್ರೆಯಾಗಲಿ, ಹತ್ತಿರದ್ದಕ್ಕೆ ಕೂಡಲೇ ಹೊರಡಬೇಕು.