ಕ್ಷೇತ್ರದರ್ಶನಕ್ಕೆ ಯಾವ ಕಾಲ ಹಿತ?

ಕಾಲವನ್ನು ಆರಿಸುವ ಮೊದಲು, ಹೋಗುವುದು ಏತಕ್ಕೆಂದು ಕೇಳಿಕೊಳ್ಳಬೇಕು.

ಜಾತ್ರೆಯ ಸಂಭ್ರಮ ಬಯಸುವವರಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯೇ ಸರಿ. ಸಂಕ್ರಾಂತಿಯ ಆ ದಿನಗಳಲ್ಲಿ 7 ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅಕ್ಷತೆ, ಹೋಮಗಳು ನಡೆಯುತ್ತವೆ. ಹಿಂಗಾರಿ ಜೋಳ ತೆನೆಗಟ್ಟಿ ನಿಂತಿರುತ್ತದೆ, ಕೊಯ್ಲಿಗೆ ಇನ್ನೂ ಸಮಯವಿರುತ್ತದೆ, ರೈತರಿಗೂ ಬಿಡುವು.

ಆದರೆ ಆ ನೂಕುನುಗ್ಗಲು ವೃದ್ಧರಿಗೆ, ಹಸುಗೂಸಿನ ತಾಯಂದಿರಿಗೆ ತಕ್ಕದ್ದಲ್ಲ. ಅವರು ದೀಪಾವಳಿಯ ನಂತರದ ತಂಪಿನಲ್ಲಿ ಹೋದರೆ ಕೆರೆಯ ನಡುವಿನ ಗುಡಿಯಲ್ಲಿ ಶಾಂತವಾಗಿ ಕೂಡಬಹುದು. ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆಯಲ್ಲಿ, 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರವನ್ನೂ ಅದೇ ದಿನ ನೋಡಿಬರಬಹುದು. ಗುರುವಾರ ಮತ್ತು ದತ್ತ ಜಯಂತಿಯಂದು ಮಾತ್ರ ಅಲ್ಲಿ ದಟ್ಟಣೆ ಹೆಚ್ಚು.

ಪುರಾಣ, ಪ್ರವಚನ ಕೇಳುವ ಹಂಬಲವಿದ್ದರೆ ಶ್ರಾವಣ ಮಾಸದ ಸಂಜೆಗಳಲ್ಲಿ ಮಠಕ್ಕೆ ಬನ್ನಿರಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೋಗಲೇಬೇಕಾದರೆ ಬೆಳಗಿನ ದರ್ಶನ ಮುಗಿಸಿ ನೆರಳು ಸೇರಬೇಕು.

ಸಿದ್ಧರಾಮರು ಕೆರೆ ಕಟ್ಟಿಸಿದ ಕಾಯಕಯೋಗಿಗಳು. ಬಿತ್ತುವ, ಕೊಯ್ಯುವ ಕೆಲಸ ಬಿಟ್ಟು ಅವರಲ್ಲಿಗೆ ಓಡುವುದು ಅವರ ಹಾದಿಯಲ್ಲ. ಕಾಯಕ ಕೆಡದ, ದೇಹ ದಣಿಯದ ಕಾಲವೇ ದರ್ಶನಕ್ಕೆ ಶುಭಕಾಲ.