ಸೆಂಟ್ರಲ್ ಲಾಕ್: ಒಂದು ಬಾಗಿಲು ಮಾತ್ರ ಕೈಕೊಟ್ಟಾಗ

ಮಾರುತಿ 800ರಂಥ ಹಳೆಯ ಕಾರಿಗೆ ಆಮೇಲೆ ಹಾಕಿಸುವ ಸೆಂಟ್ರಲ್ ಲಾಕ್ ಕಿಟ್‌ನಲ್ಲಿ ಡ್ರೈವರ್ ಬಾಗಿಲಿನ ಮೋಟರಿಗೆ ಸಾಮಾನ್ಯವಾಗಿ ಐದು ವೈರ್, ಉಳಿದ ಬಾಗಿಲುಗಳಿಗೆ ಎರಡೆರಡು. ಆ ಎರಡರಲ್ಲಿ ಕರೆಂಟ್ ಹರಿಯುವ ದಿಕ್ಕು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಹಾಗಾಗಿ ಮೂರು ಬಾಗಿಲು ಲಾಕ್ ಆಗುವಾಗ ಒಂದು ಮಾತ್ರ ಅನ್‌ಲಾಕ್ ಆದರೆ ಆ ಬಾಗಿಲಿನ ಎರಡು ವೈರ್ ಅದಲುಬದಲು ಮಾಡಿದರೆ ಸಾಕು. ಹೊಸ ಮೋಟರ್ ತರುವುದು ದಂಡ.

ಒಂದು ಬಾಗಿಲು ಪೂರ್ತಿ ಸುಮ್ಮನಿದ್ದರೆ ಮೊದಲ ಅನುಮಾನ ಹಿಂಜ್ ಬಳಿಯ ರಬ್ಬರ್ ಕೊಳವೆಯ ಮೇಲೆ. ಬಾಗಿಲು ಪದೇ ಪದೇ ತೆರೆದು ಮುಚ್ಚಿ ಅಲ್ಲಿನ ವೈರಿನ ತಾಮ್ರದ ಎಳೆ ಒಳಗೇ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಮೆಲ್ಲಗೆ ಎಳೆದರೆ ಆ ಜಾಗ ಹಿಗ್ಗುತ್ತದೆ. ಮೋಟರಿನ ಎರಡು ವೈರ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ಲಾಕ್ ಮಾಡಿದಾಗ ಅರೆಕ್ಷಣ ಬೆಳಗಿದರೆ ವೈರಿಂಗ್ ಸರಿಯಿದೆ. ದೋಷ ಮೋಟರಿನದು, ಇಲ್ಲವೇ ಮೋಟರನ್ನು ಲಾಕಿಗೆ ಜೋಡಿಸುವ, ಬಿಗಿಯಾದ ಕಂಬಿಯದು.

ಯಾವ ಬಾಗಿಲೂ ಕೆಲಸ ಮಾಡದಿದ್ದರೆ ಫ್ಯೂಸ್ ಮತ್ತು ಅರ್ಥ್ ನೋಡಬೇಕು. ಹನಗೋಡಿನಂಥ ಕಾಡಂಚಿನ ಊರಿನ ಮಳೆಗಾಲದಲ್ಲಿ ಅರ್ಥ್ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಬಣ್ಣ ಕೆರೆದು ಬರಿಯ ಲೋಹಕ್ಕೇ ಬಿಗಿಯಬೇಕು. ಫ್ಯೂಸ್ ಮತ್ತೆ ಮತ್ತೆ ಹೋದರೆ ಕಿಟಕಿ ಗಾಜು ಉಜ್ಜಿ ವೈರ್ ಸವೆದಿರಬಹುದು. ಆಗ ಹೆಚ್ಚು ಆಂಪಿಯರ್ ಫ್ಯೂಸ್ ಹಾಕಿದರೆ ವೈರಿಗೇ ಬೆಂಕಿ ಹತ್ತೀತು. ಯಾರು ಹೇಳಿದರೂ ಅದಕ್ಕೆ ಒಪ್ಪಬಾರದು.