ಮಳೆ ನೀರಿಗೆ ದಾರಿ ಬಿಡಿ

ಜೋರು ಮಳೆ ಬಂತು. ನೀರು ಮನೆಗೆ ನುಗ್ಗಿತು. ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲಾ ನೆನೆದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹಲವು ಮನೆಗಳಲ್ಲಿ ಹೀಗಾಯ್ತು.

ಯಾಕೆ ಅಕ್ಕಾ?

ಮೊದಲು ಕೆರೆ ಕೋಡಿ ಬಿದ್ದರೆ, ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗ್ತಿತ್ತು. ಈಗ ಎಷ್ಟೋ ಕೆರೆ ಇಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ! ಹಲವು ಕಡೆ ಕಾಲುವೆ ಒತ್ತುವರಿಯಾಗಿದೆ. ರಸ್ತೆಗೆ ಡಾಂಬರು, ಅಂಗಳಕ್ಕೆ ಸಿಮೆಂಟು. ನೀರು ಇಂಗೋದೆಲ್ಲಿ?

ನಾವೇನು ಮಾಡಬಹುದು?

ಅಂಗಳದಲ್ಲಿ ಸ್ವಲ್ಪ ಮಣ್ಣು ಬಿಡಿ. ಗಿಡ ನೆಡಿ. ಗೋಡೆಯಿಂದ ದೂರ ಇಂಗುಗುಂಡಿ ತೋಡಿ. ಮೋರಿಗೆ ಕಸ ಹಾಕಬೇಡಿ.

ಕಾಲುವೆಯ ಹೂಳು ತೆಗೆಸಲು ಅರ್ಜಿ ಕೊಡಿ. ಈಗ ನಿಮಗೆ ಬರೆಯೋಕೆ ಬರುತ್ತೆ. ನೀವೇ ಬರೆಯಿರಿ. ಬೀದಿಯವರೆಲ್ಲ ಸೇರಿ ಸಹಿ ಹಾಕಿ. ಹೆಬ್ಬೆಟ್ಟು ಬೇಡ.